ಎಣ್ಣೆಯೊಳಗಿನ ಗಾಳಿ

ಬಾನೆಟ್ಟಿನೊಳಗೆ ತಲೆ ತೂರಿಸಿ ನಿಂತಿದ್ದ ಮೇಸ್ತ್ರಿಗೆ ಎಲ್ಲವೂ ಕೇಳಿಸುತ್ತಿತ್ತು, ಕೇಳಿಸಬೇಕಾದದ್ದೊಂದನ್ನು ಬಿಟ್ಟು. ಇಂಜಿನ್ನಿನ ಗುಡುಗುಡು ಕೇಳಿಸುತ್ತಿತ್ತು. ಫ್ಯಾನು ಗಾಳಿ ಎಳೆಯುವುದು ಕೇಳಿಸುತ್ತಿತ್ತು. ಆಚೆ ರಸ್ತೆಯಲ್ಲಿ ಲಾರಿಯವನೊಬ್ಬ ಅಡ್ಡ ಬಂದವನನ್ನು ಬೈದುಕೊಂಡು ಹೋದದ್ದೂ ಕೇಳಿಸಿತು. ಒಳಗೆ ಸೀಟಿನಲ್ಲಿ ಕೂತ ವ್ಯಾನಮ್ಮ ಸ್ಟೇರಿಂಗನ್ನು ಎಡಕ್ಕೆ ಕೊನೆ ಮುಟ್ಟುವವರೆಗೆ ಎಳೆದಳು, ಆಮೇಲೆ ಬಲಕ್ಕೆ ಎಳೆದಳು. ಕಿಟಕಿಯಿಂದ ಮುಖ ಹೊರಗೆ ಹಾಕಿ, “ಈಗ ಬಂತಲ್ಲ? ಕೇಳಿಸ್ತಾ ಇದೆಯಲ್ಲ?” ಎಂದಳು. ಅವನು ಕಣ್ಣು ಮುಚ್ಚಿಕೊಂಡು, ಹುಬ್ಬು ಗಂಟಿಕ್ಕಿ, ನಿಧಾನವಾಗಿ ತಲೆಯಾಡಿಸಿದ. ಕಣ್ಣು ಮುಚ್ಚಿಕೊಳ್ಳುವುದು ಅವನ ಹಳೆಯ ಅಭ್ಯಾಸ. ಗಿರಾಕಿಗಳಿಗೆ ಅದೆಂದರೆ ಬಹಳ ಇಷ್ಟ. ಅವನು ಕಣ್ಣು ಮುಚ್ಚಿದರೆ ಸಾಕು, ಸುತ್ತ ನಿಂತವರು ಮಾತು ನಿಲ್ಲಿಸುತ್ತಿದ್ದರು, ಕೆಮ್ಮು ಬಂದವನು ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದ. ಗಾಡಿ ಇನ್ನೂ ಮೂಲೆ ತಿರುಗುವ ಮೊದಲೇ, ಕೈಯಲ್ಲಿ ಟೀ ಲೋಟ ಹಿಡಿದುಕೊಂಡು, “ಬರ್ತಿರೋದು ಯಾವುದೋ ವಾಲ್ವ್ ಸುಟ್ಟ ಗಾಡಿ” ಎಂದು ಹೇಳಿ ನಗಿಸಿದವನು ಅವನು. ಕಿವಿ ಮೇಸ್ತ್ರಿ ಎಂದು ಹೆಸರು ಬಂದದ್ದು ಸುಮ್ಮನೆ ಅಲ್ಲ. ಈಗ ಮುಚ್ಚಿದ ರೆಪ್ಪೆಗಳ ಹಿಂದೆ ಕತ್ತಲೆ ಬಿಟ್ಟರೆ ಏನೂ ಇರಲಿಲ್ಲ. ಆ ಕತ್ತಲೆಯಲ್ಲಿ ಎಷ್ಟು ಹೊತ್ತು ನಿಂತರೆ ನಂಬುವ ಹಾಗಿರುತ್ತದೆ ಎಂದು ಅವನು ಲೆಕ್ಕ ಹಾಕುತ್ತಿದ್ದ.

ಮೊದಲು ಸೊಳ್ಳೆಗಳು ಹೋಗಿದ್ದವು. “ಈ ಸಲ ಸೊಳ್ಳೆ ಕಾಟ ಇಲ್ಲ ನೋಡು” ಎಂದು ಹೆಂಡತಿಗೆ ಹೇಳಿದ್ದ, ಮೊಣಕೈ ಪರಪರ ಕೆರೆದುಕೊಳ್ಳುತ್ತಲೇ. ಅವಳು ಅವನ ಕೈಮೇಲಿನ ದದ್ದುಗಳನ್ನು ನೋಡಿದಳು, ಮುಖ ನೋಡಿದಳು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ನಿಂತ ಮೇಲೆ ಅವಳ ಮುಖ ಒಂದು ಥರ ಆಯಿತು. ಡಾಕ್ಟರ ಹತ್ತಿರ ಹೋಗಿ ಎಂದು ಅವಳು ಅಂದಿದ್ದಕ್ಕೆ, ನನ್ನ ಅನ್ನದ ಮೇಲೇ ಕಣ್ಣು ಹಾಕ್ತೀಯಲ್ಲೇ ಎಂದು ರೇಗಿದ್ದ. ಆದರೂ ಒಂದು ದಿನ ಯಾರಿಗೂ ಹೇಳದೆ, ಸಾಮಾನು ತರುವ ನೆಪದಲ್ಲಿ ಹೋಗಿ, ಗಾಜಿನ ಕೋಣೆಯಲ್ಲಿ ಕಿವಿಗೆ ದಪ್ಪ ಬಿಲ್ಲೆಗಳನ್ನು ಸಿಕ್ಕಿಸಿಕೊಂಡು ಕೂತ. ಸದ್ದು ಕೇಳಿದಾಗ ಈ ಗುಂಡಿ ಒತ್ತಿ ಎಂದು ಪರೀಕ್ಷೆ ಮಾಡುವ ಹುಡುಗಿ ಹೇಳಿದಳು. ಮೊದಮೊದಲು ಒತ್ತಿದ. ಆಮೇಲೆ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಆಗ ಅವನ ಕಣ್ಣು ತಾನಾಗಿ ಗಾಜಿನಾಚೆ ಹೋಯಿತು. ಹುಡುಗಿ ಯಂತ್ರದ ಗುಂಡಿ ಒತ್ತಿದಾಗಲೆಲ್ಲ ಅವಳ ಭುಜ ಒಂದಿಷ್ಟು ಅಲುಗುತ್ತಿತ್ತು. ಭುಜ ಅಲುಗಿದಾಗ ಇವನೂ ಒತ್ತಿದ. ಕಾಪಿ ಹೊಡೆಯುವ ಶಾಲೆ ಹುಡುಗನಿಗಿಂತ ಕಡೆಯಾಗಿ, ಈ ವಯಸ್ಸಿನಲ್ಲಿ. ಹುಡುಗಿ ಅವನನ್ನೇ ಒಂದು ಕ್ಷಣ ನೋಡಿ, ಕುರ್ಚಿಯನ್ನು ಪೂರ್ತಿ ಆಚೆಗೆ ತಿರುಗಿಸಿಕೊಂಡು ಕೂತಳು. ಕೊನೆಗೆ, “ದಪ್ಪ ಸದ್ದು ಚೆನ್ನಾಗೇ ಕೇಳಿಸುತ್ತೆ ಅಂಕಲ್, ಸಣ್ಣ ಸದ್ದು, ಕೀರಲು ಸದ್ದು ಹೋಗಿಬಿಟ್ಟಿದೆ” ಎಂದಳು. ವಾಪಸು ಬರುವಾಗ ದಾರಿಯುದ್ದಕ್ಕೂ ಅವನು ತನಗೆ ತಾನೇ ಹೇಳಿಕೊಂಡ: ಕೀರಲು ಯಾರಿಗೆ ಬೇಕು, ಹೋದರೆ ಪೀಡೆ ಹೋಯಿತು.

“ಏನಂತೀರಿ ಮೇಸ್ತ್ರಿ?” ವ್ಯಾನಮ್ಮ ಇಂಜಿನ್ ಆರಿಸಿ ಇಳಿದು ಬಂದಳು. ಶಾಲೆಗೆ ಮಕ್ಕಳನ್ನು ಬಿಡುವ, ಮಧ್ಯಾಹ್ನ ಮನೆ ಮನೆಗೆ ತಲುಪಿಸುವ ಹೆಂಗಸು. ಆ ಮಕ್ಕಳು ಇಟ್ಟ ಹೆಸರೇ ಎಲ್ಲರ ಬಾಯಲ್ಲೂ ನಿಂತಿತ್ತು. ಅವಳ ವ್ಯಾನಿಗೆ ಅದರಲ್ಲಿ ಕೂರುವ ಯಾವ ಮಗುವಿಗಿಂತಲೂ ಹೆಚ್ಚು ವಯಸ್ಸು. ಬಾಗಿಲೊಂದಕ್ಕೆ ಬೇರೆ ಬಣ್ಣ, ಸೀಟುಗಳ ಮೇಲೆ ಮಕ್ಕಳು ಪೆನ್ನಿನಲ್ಲಿ ಕೊರೆದ ಗೊಂಬೆಗಳು. “ಹೊಸದಾಗಿ ಹಾಕಿದ ಸ್ಟೇರಿಂಗ್ ಪಂಪಲ್ವಾ, ಇನ್ನೂ ಪಳಗಬೇಕು” ಎಂದ ಮೇಸ್ತ್ರಿ, ಕೈ ಒರೆಸಿಕೊಳ್ಳುತ್ತ. “ಹೋದ ಸಲ ಹಾಕಿ ಕಳಿಸುವಾಗಲೂ ಇದನ್ನೇ ಹೇಳಿದ್ರಿ. ಪಳಗೋಕೆ ಅದೇನು ಆನೆಯೇ?” ಎಂದಳು ವ್ಯಾನಮ್ಮ. ನಗುತ್ತಲೇ ಅಂದಳು, ಆದರೆ ನಗು ಕಣ್ಣಿಗೆ ಏರಲಿಲ್ಲ. “ನೋಡಿ, ಸದ್ದು ಬಂದ್ರೆ ಬರಲಿ ಅಂತ ನಾನೂ ಸುಮ್ಮನಿದ್ದೆ. ತಿರುವು ಬಂತು ಅಂದ್ರೆ ಸಾಕು, ಮಕ್ಕಳೆಲ್ಲ ಸೇರಿಕೊಂಡು ಕುಯ್ಯ್ಂ ಅಂತ ರಾಗ ಎಳೀತಾರೆ, ನನಗೂ ನಗು ಬರುತ್ತೆ. ನಿನ್ನೆ ಮಾತ್ರ ನಗು ಬರಲಿಲ್ಲ. ಶಾಲೆ ಗೇಟಿನ ಹತ್ತಿರ ತಿರುಗಿಸ್ತಾ ಇದ್ದೀನಿ, ಸ್ಟೇರಿಂಗ್ ಇದ್ದಕ್ಕಿದ್ದ ಹಾಗೆ ಕಲ್ಲು! ಎರಡೂ ಕೈಯಲ್ಲಿ ನೇತಾಡಿದ್ರೂ ಬಗ್ಗಲಿಲ್ಲ. ಗೋಡೆಗೆ ಕನ್ನಡಿ ತಾಗಿ ಮುರೀತು. ಆಚೆ ಕಡೆ ಸೈಕಲ್ ಇಟ್ಕೊಂಡು ಮಕ್ಕಳು ನಿಂತಿದ್ರು, ಮೇಸ್ತ್ರಿ. ರಾತ್ರಿ ಕಣ್ಣು ಮುಚ್ಚಿದ್ರೆ ಅವೇ ಮುಖಗಳು.” ಮುರಿದ ಕನ್ನಡಿಯ ಬುಡವನ್ನು ಅವಳು ಬಟ್ಟೆಯಲ್ಲಿ ಸುತ್ತಿ ದಾರದಿಂದ ಕಟ್ಟಿದ್ದಳು, ಬೆರಳಿಗೆ ಗಾಯವಾದಾಗ ಕಟ್ಟುವ ಹಾಗೆ. ವ್ಯಾನಿನ ಆ ಸದ್ದು ಮೇಸ್ತ್ರಿಯ ಕಿವಿಗೆ ಬಿದ್ದದ್ದು ಅದೇ ಮೊದಲು, ಅದೂ ಅವಳು ಅಣಕಿಸಿದ ಆ ಕುಯ್ಯ್ಂನಲ್ಲಿ. ಓ ಹೀಗಿದೆಯಾ ಅದು, ಎಂದುಕೊಂಡ. ಇಂಥ ಸದ್ದು ಅವನಿಗೆ ಹೊಸದೇನಲ್ಲ, ಎಷ್ಟು ಕೇಳಿಲ್ಲ, ಎಷ್ಟು ಹಿಡಿದಿಲ್ಲ. ಅಗಲಿಹೋದ ನೆಂಟನ ದನಿಯನ್ನು ಬೇರೆ ಯಾರೋ ಅನುಕರಿಸಿ ತೋರಿಸಿದ ಹಾಗೆ ಆಯಿತು.

ಆ ಪಂಪು, ಎಣ್ಣೆಯನ್ನು ಒತ್ತಿ ಸ್ಟೇರಿಂಗನ್ನು ಹಗುರ ಮಾಡುವುದು. ಹೋದ ಸಲ ವ್ಯಾನು ಬಂದಾಗ ಅವನು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪಂಪಿಗೆ ಒತ್ತಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ, “ಬೇರಿಂಗ್ ಹೋಗಿದೆ, ಸದ್ದಿನಲ್ಲೇ ಗೊತ್ತಾಗುತ್ತೆ” ಎಂದಿದ್ದ. ಕೇಳಿದ್ದು ಏನೂ ಇಲ್ಲ, ಬರೀ ಬಾಯಿಗೆ ಬಂದದ್ದು. ಅಲ್ಲೇ ನಿಂತಿದ್ದ ಸೊಸೆ ಮೆಲ್ಲಗೆ, “ಮಾವ, ಪಂಪ್ ಬಿಚ್ಚೋ ಮೊದಲು ಎಣ್ಣೆ ಡಬ್ಬಿ ಮುಚ್ಚಳ ತೆಗೆದು ಒಂದ್ಸಲ ನೋಡೋಣ್ವಾ?” ಎಂದಿದ್ದಳು. ಅವಳು ಮೆಲ್ಲಗೆ ಹೇಳಿದ್ದೇ ಅವನ ಮಾನ ಉಳಿಸಲಿಕ್ಕೆ. ಆದರೆ ಮೆಲ್ಲಗೆ ಹೇಳಿದ್ದು ಅವನಿಗೆ ಕೇಳಿಸಲಿಲ್ಲ. ಅವಳು ಮತ್ತೊಮ್ಮೆ, ಎಲ್ಲರಿಗೂ ಕೇಳುವ ಹಾಗೆ ಹೇಳಬೇಕಾಯಿತು. ಅವನಿಗೆ ಪಿತ್ತ ನೆತ್ತಿಗೇರಿತು. “ನೀನು ತೊಟ್ಟಿಲಲ್ಲಿದ್ದಾಗಲೇ ನಾನು ಪಂಪ್ ಬಿಚ್ತಿದ್ದೆ ಕಣಮ್ಮ. ಹೋಗು, ಟೈರಿಗೆ ಗಾಳಿ ಹೊಡಿ ಹೋಗು.” ಬೆಂಚಿನ ಮೇಲೆ ಕೂತಿದ್ದ ಗಿರಾಕಿಗಳು ಹಲ್ಲು ಬಿಟ್ಟರು. ಅವಳು ಹೋಗಿ ಗಾಳಿ ಹೊಡೆದಳು. ಮಗನಿಗೆ ಎಣ್ಣೆ ಜಿಡ್ಡೆಂದರೆ ಆಗದು, ಅವನು ಬಟ್ಟೆಯಂಗಡಿಯಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಲ್ಲುವವನು. ಗ್ಯಾರೇಜು ಹಿಡಿಸಿದ್ದು ಸೊಸೆಗೆ. ಅವಳು ಬಂದ ಮೇಲೆ ಸ್ಪ್ಯಾನರುಗಳು ಗಾತ್ರದ ಪ್ರಕಾರ ಗೋಡೆಯ ಮೇಲೆ ನೇತಾಡತೊಡಗಿದವು. ಅವಳ ಕೆಲಸಕ್ಕೆ ಅವನು ಒಳಗೊಳಗೇ ಹಿಗ್ಗುತ್ತಿದ್ದ. ಹೊರಗೆ ಹೇಳಿದ್ದಿಲ್ಲ. ಆ ದಿನ ಊಟಕ್ಕೆ ಕೂತಾಗ ಅವಳು ಅವನ ತಟ್ಟೆಗೆ ಎಂದಿನ ಹಾಗೇ ಬಡಿಸಿದಳು. ಅದಕ್ಕಿಂತ ಅವಳು ಎರಡು ಮಾತು ಬೈದಿದ್ದರೆ ವಾಸಿಯಿತ್ತು.

“ಒಂದು ನಿಮಿಷ ಬಂದೆ” ಎಂದು ಅವನು ಗ್ಯಾರೇಜಿನ ಹಿಂಬದಿಗೆ ನಡೆದ. ಯಾಕೆ ನಡೆದನೆಂದು ಅವನಿಗೇ ಗೊತ್ತಿರಲಿಲ್ಲ, ಅವಳ ಕಣ್ಣೆದುರು ನಿಲ್ಲಲು ಆಗಲಿಲ್ಲ, ಅಷ್ಟೇ. ಹಿಂದಿನ ಕೋಣೆಯಲ್ಲಿ ಹಳೆಯ ಟೈರುಗಳ ವಾಸನೆ, ಒಡೆದ ಬ್ಯಾಟರಿಗಳು, ಬಿಚ್ಚಿದ ಭಾಗಗಳನ್ನೆಲ್ಲ ಎಸೆಯದೆ ಇಟ್ಟ ಕಬ್ಬಿಣದ ಕಪಾಟು. ಮೇಲಿನ ಹಲಗೆಯಲ್ಲಿ ಅವಳ ವ್ಯಾನಿನ ಹಳೆಯ ಪಂಪು ಇತ್ತು. ಕೈಗೆತ್ತಿಕೊಂಡು ಅದರ ರಾಟೆಯನ್ನು ಬೆರಳಿನಿಂದ ತಿರುಗಿಸಿದ. ಸಲೀಸಾಗಿ ತಿರುಗಿತು. ಅಲ್ಲಾಡಿಸಿ ನೋಡಿದ, ಒಂದು ಕೂದಲಿನಷ್ಟೂ ಸಡಿಲವಿಲ್ಲ. ಬೆರಳುಗಳಿಗೆ ಸುಳ್ಳು ಹೇಳಲು ಬರುವುದಿಲ್ಲ. ಗಟ್ಟಿಮುಟ್ಟಾದ ಪಂಪನ್ನು ಸತ್ತಿದೆ ಎಂದು ಹೇಳಿ ಕಿತ್ತು, ಗುಜರಿ ಗಾಡಿಯೊಂದರಿಂದ ತೆಗೆದ ಇನ್ನೊಂದನ್ನು ಕೂರಿಸಿ, ಅದನ್ನೇ ಹೊಸದು ಎಂದು ಕರೆದು, ರೋಗವನ್ನು ಇದ್ದಲ್ಲೇ ಬಿಟ್ಟು ಕಳಿಸಿದ್ದ. ಆ ರೋಗ ನಿನ್ನೆ ಶಾಲೆಯ ಗೇಟಿನಲ್ಲಿ ಎದ್ದು ನಿಂತಿತ್ತು. ಸೈಕಲ್ಲು ಹಿಡಿದ ಮಕ್ಕಳು. ಅವನು ಆ ಗೇಟನ್ನು ನೋಡಿದವನು, ಗೋಡೆಗೂ ವ್ಯಾನಿಗೂ ಎಷ್ಟು ಜಾಗ ಎಂದು ಬಲ್ಲವನು. ಪಂಪು ಕೈಯಲ್ಲೇ ಇತ್ತು. ಅದನ್ನು ಹಳೆಯ ಚಿಂದಿಯ ಕೆಳಗೆ ತಳ್ಳಿದ. ತಳ್ಳಿದ ಮೇಲೆ, ಥೂ, ಯಾರಿಂದ ಬಚ್ಚಿಡುತ್ತಿದ್ದೀನಿ ಎಂದು ನಾಚಿಕೆಯಾಯಿತು, ಆದರೆ ಚಿಂದಿಯನ್ನು ಮತ್ತೆ ಎತ್ತಲಿಲ್ಲ. ಇನ್ನೊಂದು ವಾರ ಓಡಿಸಿ ನೋಡಿ ಎಂದು ಹೇಳಿ ಕಳಿಸಿದರಾಯಿತು, ಆಮೇಲೆ ಅವಳೇ ಬೇಸತ್ತು ಬೇರೆ ಕಡೆ ಹೋದಾಳು, ಅಲ್ಲಿ ಯಾರಾದರೂ ಕಂಡುಹಿಡಿಯುತ್ತಾರೆ ಎಂಬ ಯೋಚನೆ ಬಂತು. ಬಂದದ್ದು ಯೋಚನೆಯಲ್ಲ, ಆಸೆ.

ಹೊರಗೆ ಬಂದಾಗ ವ್ಯಾನಮ್ಮನೂ ಸೊಸೆಯೂ ಏನೋ ಮಾತಾಡುತ್ತಿದ್ದರು, ಇವನನ್ನು ಕಂಡು ನಿಲ್ಲಿಸಿದರು. ನಿಲ್ಲಿಸಿದರೋ, ಮಾತು ಮುಗಿದಿತ್ತೋ. ಈಚೆಗೆ ಇಬ್ಬರು ಮಾತಾಡುತ್ತಿದ್ದರೆ ಅದು ತನ್ನ ಬಗ್ಗೆಯೇ ಎಂದು ಅವನಿಗೆ ಅನಿಸುತ್ತಿತ್ತು. “ಇನ್ನೊಂದ್ಸಲ ಸ್ಟಾರ್ಟ್ ಮಾಡಿ” ಎಂದ, ಹೊತ್ತು ಕಳೆಯಲಿಕ್ಕೆ. ಇಂಜಿನ್ ಓಡುತ್ತಿರುವಾಗ ಏನಾದರೂ ಮಾಡುತ್ತಿರುವ ಹಾಗೆ ಕಾಣಬೇಕಲ್ಲ, ಕೈಗೆ ಸಿಕ್ಕಿದ ಸ್ಟೇರಿಂಗ್ ಎಣ್ಣೆ ಡಬ್ಬಿಯ ಮುಚ್ಚಳ ತಿರುಗಿಸಿ ತೆಗೆದ. ಇದನ್ನು ಅವನು ಯಾವ ಕಾಲದಲ್ಲೂ ಮಾಡಿದವನಲ್ಲ. ಮುಚ್ಚಳ ತೆಗೆದು ನೋಡುವುದು ಕಿವಿಯಿಲ್ಲದವರ ಕೆಲಸ ಎಂದು ಗೇಲಿ ಮಾಡುತ್ತಿದ್ದವನು. ಬಗ್ಗಿ ನೋಡಿದ. ಕೆಂಪಗೆ ತಿಳಿಯಾಗಿರಬೇಕಾದ ಎಣ್ಣೆ ಉಕ್ಕಲು ಬಂದ ಹಾಲಿನ ಹಾಗೆ ನೊರೆ ನೊರೆಯಾಗಿ ಕುದಿಯುತ್ತಿತ್ತು. ವ್ಯಾನಮ್ಮ ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ನೊರೆ ಮೇಲೆದ್ದು ಡಬ್ಬಿಯ ಬಾಯಿಗೆ ಬಂದು ಇಳಿಯುತ್ತಿತ್ತು. ಗಾಳಿ. ಪಂಪು ಎಣ್ಣೆಯ ಜೊತೆಗೆ ಗಾಳಿ ಎಳೆಯುತ್ತಿದೆ. ಸದ್ದು ಆ ಗಾಳಿಯದು, ಸ್ಟೇರಿಂಗ್ ಕಲ್ಲಾದದ್ದೂ ಅದರಿಂದಲೇ. ಡಬ್ಬಿಯಿಂದ ಪಂಪಿಗೆ ಹೋಗುವ ದಪ್ಪ ರಬ್ಬರ್ ಪೈಪಿನ ಮೇಲೆ ಕೈಯಾಡಿಸಿದ. ಹೊರಗೆ ಒಂದು ಹನಿ ಎಣ್ಣೆ ಇಲ್ಲ, ಎಳೆದುಕೊಳ್ಳುವ ಪೈಪು ಸೋರುವುದಿಲ್ಲ, ಒಳಕ್ಕೆ ಗಾಳಿ ಹೀರುತ್ತದೆ. ರಬ್ಬರು ಒಣಗಿ ಕಟ್ಟಿಗೆಯಾಗಿತ್ತು. ಪಂಪಿನ ಕಡೆಯ ಕ್ಲಿಪ್ಪು ಬೆರಳಿಗೇ ತಿರುಗಿತು. ಆ ಕ್ಲಿಪ್ಪನ್ನು ಬಿಚ್ಚಿ ಮತ್ತೆ ಹಾಕಿದವನು ಅವನೇ. ಸಡಿಲವಾಗಿದ್ದರೆ ಗಾಳಿ ಸುಯ್ಯೆನ್ನುವುದು ಕೇಳಿಸುತ್ತದೆ ಎಂಬ ಧೈರ್ಯದಲ್ಲಿ ಪೂರ್ತಿ ಬಿಗಿ ಮಾಡಿರಲಿಲ್ಲ. ಮೂವತ್ತು ವರ್ಷ ಹಾಗೆಯೇ ಮಾಡಿದ್ದ, ಕೇಳಿಸುತ್ತಿತ್ತು, ಬಿಗಿ ಮಾಡುತ್ತಿದ್ದ.

“ಆರಿಸಿ” ಎಂದ. ತಲೆಯೆತ್ತಿದಾಗ ಸೊಸೆ ಎದುರಿಗೇ ನಿಂತಿದ್ದಳು. ಅವಳೂ ಡಬ್ಬಿಯೊಳಗೆ ನೋಡಿದ್ದಳು. ಒಳಗೆ ಹೋಗಿ ಹೊಸ ಪೈಪಿನ ತುಂಡು, ಹೊಸ ಕ್ಲಿಪ್ಪುಗಳು, ಎಣ್ಣೆಯ ಬಾಟ್ಲಿ ತಂದು ಬಾನೆಟ್ಟಿನ ಅಂಚಿಗೆ ಇಟ್ಟಳು. ನಾನು ಅವತ್ತೇ ಹೇಳಿರಲಿಲ್ವಾ ಎಂಬ ಒಂದು ಮಾತಿಗೆ ಅವನು ಕಾದ. ಅದು ಬರಲಿಲ್ಲ. ಅವನು ಪೈಪು ಬದಲಾಯಿಸಿ, ಕ್ಲಿಪ್ಪನ್ನು ಈ ಸಲ ಕಿರುಬೆರಳಿಗೂ ಜಗ್ಗದ ಹಾಗೆ ಬಿಗಿದ. ಮುಂದಿನ ಚಕ್ರಗಳನ್ನು ನೆಲದಿಂದ ಎತ್ತಿ, ಎಣ್ಣೆ ತುಂಬಿ, ಇಂಜಿನ್ ಆರಿಸಿಟ್ಟೇ ಸ್ಟೇರಿಂಗನ್ನು ಆ ಕೊನೆಯಿಂದ ಈ ಕೊನೆಗೆ ತಿರುಗಿಸಲು ವ್ಯಾನಮ್ಮನಿಗೆ ಹೇಳಿದ. ಗುಳ್ಳೆಗಳು ಒಂದೊಂದಾಗಿ ಮೇಲೆ ಬಂದು ಒಡೆದವು. ಮತ್ತೆ ಎಣ್ಣೆ, ಮತ್ತೆ ತಿರುಗಿಸುವುದು. ಬೆನ್ನು ನೋಯುತ್ತಿತ್ತು, ಅವನು ಡಬ್ಬಿಯಿಂದ ಕಣ್ಣು ಕೀಳಲಿಲ್ಲ. ಕೊನೆಗೆ ಇಂಜಿನ್ ಓಡುತ್ತಿದ್ದರೂ ಎಣ್ಣೆ ಕೆಂಪಗೆ, ತಿಳಿಯಾಗಿ, ಅಲುಗದೆ ನಿಂತಿತು. ಚಕ್ರಗಳನ್ನು ಇಳಿಸಿದ. ಅವಳು ಅಂಗಳದಲ್ಲೇ ಒಂದು ಸುತ್ತು ಹೊಡೆದಳು, ಗೇಟಿನ ಹತ್ತಿರ ಸ್ಟೇರಿಂಗನ್ನು ಕೊನೆ ಮುಟ್ಟುವವರೆಗೆ ತಿರುಗಿಸಿಕೊಂಡು ಬಂದಳು. ಅವನು ನೋಡುತ್ತ ನಿಂತ. ಅವನ ಪಾಲಿಗೆ ಏನೂ ಬದಲಾಗಿರಲಿಲ್ಲ. ಬೆಳಿಗ್ಗೆ ಬಂದಾಗ ವ್ಯಾನು ಎಷ್ಟು ಸದ್ದು ಮಾಡಿತ್ತೋ ಈಗಲೂ ಅಷ್ಟೇ. ಸರಿಯಾಯಿತೇ ಇಲ್ಲವೇ ಎಂದು ತಿಳಿಯಲು ಅವನು ಕಿಟಕಿಯೊಳಗಿನ ಅವಳ ಮುಖವನ್ನು ನೋಡಬೇಕಾಯಿತು.

ಮುಖ ಅರಳಿತ್ತು. “ಅಯ್ಯಪ್ಪಾ, ನಿಂತೇ ಹೋಯ್ತು! ಬೆಣ್ಣೆ ಆಗಿದೆ ಮೇಸ್ತ್ರಿ, ಒಂದು ಬೆರಳಲ್ಲಿ ತಿರುಗುತ್ತೆ. ಮಕ್ಕಳಿಗೆ ಬೇಜಾರಾಗುತ್ತೆ ಅಷ್ಟೇ, ಹಾಡು ಹೋಯ್ತಲ್ಲ.” ಇಳಿದು ಬಂದು, ಬೆಂಚಿನ ಮೇಲಿದ್ದ ಗಿರಾಕಿಗಳ ಕಡೆ ತಿರುಗಿ, “ಸುಮ್ಮನೆ ಹೇಳ್ತಾರಾ? ಇವರ ಕಿವಿ ಕಿವಿನೇ” ಎಂದಳು. ಬೆಂಚಿನವರು ಹೌದೆಂದು ತಲೆದೂಗಿದರು. ಇಷ್ಟೇ, ಇಲ್ಲಿಗೆ ಮುಗಿಯಿತು, ಒಂದು ನಗು ನಕ್ಕರೆ ಸಾಕು. ಅವನ ಮುಖ ನಗಲು ಸಿದ್ಧವಾಗಿಯೂ ಆಗಿತ್ತು. ಅವನು ಸೊಸೆಯ ಕಡೆ ನೋಡಿದ. ಅವಳು ಸ್ಪ್ಯಾನರು ಒರೆಸುತ್ತಿದ್ದಳು, ತಲೆ ತಗ್ಗಿಸಿ, ಒರೆಸಿದ್ದನ್ನೇ ಮತ್ತೆ ಮತ್ತೆ. ನಾಳೆಯೂ ಅವಳು ಹೀಗೇ ಒರೆಸುತ್ತಾಳೆ, ನಾಡಿದ್ದು ಇನ್ನೊಂದು ಗಾಡಿ ಬರುತ್ತದೆ, ಅವನು ಕಣ್ಣು ಮುಚ್ಚಿಕೊಳ್ಳುತ್ತಾನೆ. “ನನಗೆ ಕೇಳಿಸೋದಿಲ್ಲ” ಎಂದ. ವ್ಯಾನಮ್ಮ ಜೋರಾಗಿ, “ನಿಂತೇ ಹೋಯ್ತು ಅಂದೆ!” ಎಂದಳು. “ಅದಲ್ಲಮ್ಮ. ಆ ಸದ್ದು ನನಗೆ ಮೊದಲಿಂದಲೂ ಕೇಳಿಸ್ಲೇ ಇಲ್ಲ. ಅವತ್ತೂ ಇಲ್ಲ, ಇವತ್ತೂ ಇಲ್ಲ. ನಿಮ್ಮ ಹಳೇ ಪಂಪ್ ಚೆನ್ನಾಗೇ ಇತ್ತು, ನಾನು ಸುಮ್ಮನೆ ಬಾಯಿಗೆ ಬಂದದ್ದು ಹೇಳಿದೆ.” ಬೆಂಚಿನ ಮೇಲೆ ಯಾರೋ ಕಿಸಕ್ಕೆಂದರು, ಮೇಸ್ತ್ರಿ ತಮಾಷೆಗೆ ಹೆಸರುವಾಸಿ. ವ್ಯಾನಮ್ಮನೂ ನಕ್ಕಳು. ಅವನು ನಗದೆ ನಿಂತದ್ದನ್ನು ಕಂಡು ಅವಳ ನಗು ಬಾಯಲ್ಲೇ ಉಳಿಯಿತು.

ಹೇಳಿದ ಮೇಲೆ ಹಗುರವಾಗುತ್ತದೆ ಎಂದು ಅವನು ಎಣಿಸಿದ್ದ. ವ್ಯಾನಮ್ಮ ಅವನನ್ನು ದಿಟ್ಟಿಸುತ್ತಲೇ ಇದ್ದಳು, ಅವಳ ಕಣ್ಣುಗಳು ಬೇರೆ ಏನನ್ನೋ ಹಿಂದಕ್ಕೆ ಹೋಗಿ ಹುಡುಕುತ್ತಿದ್ದವು. “ಹಾಗಾದ್ರೆ ಬ್ರೇಕು?” ಎಂದಳು. “ಅವತ್ತು ಪಂಪ್ ಹಾಕಿದ ದಿನ, ಬ್ರೇಕ್ ಹಿಡಿದ್ರೆ ಕಿರ್ ಅನ್ನುತ್ತೆ ನೋಡಿ ಅಂದಿದ್ದೆ. ನೀವು ಒಂದು ಸುತ್ತು ಓಡಿಸ್ಕೊಂಡು ಬಂದು, ಯಾವ ಸದ್ದೂ ಇಲ್ಲ ಹೋಗಮ್ಮ ಅಂದ್ರಿ. ಚಕ್ರ ಬಿಚ್ಚಿ ನೋಡಿದ್ರಾ?” ಅವನಿಗೆ ನೆನಪಾಯಿತು. ಇಲ್ಲ ಎಂದು ತಲೆಯಾಡಿಸಿದ. “ನನಗೆ ದಿನಾ ಕೇಳಿಸ್ತಿತ್ತು” ಎಂದಳು ಅವಳು, ದನಿ ಒಡೆದುಹೋಗಿತ್ತು. “ಇಷ್ಟು ದಿನ ಕೇಳಿಸ್ತಾನೇ ಇತ್ತು. ಮೇಸ್ತ್ರಿ ಇಲ್ಲ ಅಂದ್ಮೇಲೆ ನನಗೇ ಏನೋ ಭ್ರಮೆ ಅಂದ್ಕೊಂಡು ಸುಮ್ಮನಾದೆ.” ಅವನು ಕೈ ಚಾಚಿದ. “ಬೀಗದ ಕೈ ಕೊಡಿ ಅಮ್ಮ, ಈಗಲೇ ಬಿಚ್ಚಿ ನೋಡ್ತೀನಿ.” ಅವಳು ಚಾಚಿದ ಕೈಯನ್ನು ನೋಡಿದಳು, ಅದನ್ನು ದಾಟಿಕೊಂಡು ಹೋಗಿ ಬೀಗದ ಕೈಯನ್ನು ಸೊಸೆಯ ಕೈಗೆ ಕೊಟ್ಟಳು. “ನೀನು ನೋಡು ತಾಯಿ” ಎಂದಳು. ಚಾಚಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಅವನು ಅದನ್ನು ಅಂಗಿಗೆ ಒರೆಸಿಕೊಂಡ.

ಸೊಸೆ ವ್ಯಾನನ್ನು ಒಳಗೆ ತಂದಳು. ಇವನ ಕಡೆಗೆ ಪೂರ್ತಿ ಮುಖ ತಿರುಗಿಸಿ, ಅಕ್ಷರ ಅಕ್ಷರ ಬಿಡಿಸಿ, “ಮಾವ, ಜಾಕ್ ಕೊಡಿ” ಎಂದಳು. ಈಚೆಗೆ ಅವಳು ತನ್ನ ಜೊತೆ ಹೀಗೇ ಮಾತಾಡುತ್ತಿದ್ದಾಳೆ ಎಂದು ಅವನಿಗೆ ಈಗ ಹೊಳೆಯಿತು. ಅಂದರೆ ಅವಳಿಗೆ ಗೊತ್ತಿತ್ತು, ಯಾವಾಗಿನಿಂದಲೋ ಏನೋ. ಅವನು ಜಾಕ್ ತಂದುಕೊಟ್ಟ, ಸ್ಪ್ಯಾನರು ಕೊಟ್ಟ, ಲೈಟು ಹಿಡಿದುಕೊಂಡು ನಿಂತ. ಚಕ್ರ ಕಳಚಿ ಬಂತು. ಅವಳು ಮಂಡಿಯೂರಿ ಒಳಗೆ ಬಗ್ಗಿ, ಬೆನ್ನು ಇವನ ಕಡೆ ಇಟ್ಟುಕೊಂಡು, ಏನೋ ಹೇಳಿದಳು. ಪಕ್ಕದಲ್ಲಿದ್ದ ವ್ಯಾನಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಬೆಂಚಿನವರೆಲ್ಲ ಎದ್ದು ಬಂದು ಸುತ್ತ ನಿಂತಿದ್ದರು. “ಏನಂದೆ?” ಎಂದ ಅವನು, ಎಲ್ಲರ ಎದುರಿಗೆ. “ಕೇಳಿಸ್ಲಿಲ್ಲ ಕಣಮ್ಮ. ತಿರುಗಿ ಹೇಳು.” ಸೊಸೆ ತಿರುಗಿದಳು. “ಬ್ರೇಕ್ ಲೈನರ್ ಸವೆದು ಕಾಗದದಷ್ಟು ಉಳಿದಿದೆ, ಮಾವ. ಈ ತುದಿಯಲ್ಲಿ ಅದೂ ಇಲ್ಲ.” ವ್ಯಾನಮ್ಮ ಆಗಲೇ ಫೋನು ಕಿವಿಗೆ ಹಿಡಿದು ಗೇಟಿನ ಹತ್ತಿರ ಹೋಗಿದ್ದಳು. ಯಾವುದೋ ಮಗುವಿನ ಅಮ್ಮನ ಜೊತೆ ಮಾತಾಡುತ್ತಿದ್ದಳು, ಇವತ್ತು ವ್ಯಾನ್ ಬರಲ್ಲ, ಮಧ್ಯಾಹ್ನ ನೀವೇ ಹೋಗಿ ಮಗೂನ ಕರ್ಕೊಂಡು ಬನ್ನಿ ಎನ್ನುತ್ತಿದ್ದಳು. ಆ ಕಡೆಯಿಂದ ಏನು ಕೇಳಿದರೋ, “ಇಲ್ಲಮ್ಮ, ಏನೂ ಆಗಿಲ್ಲ” ಎಂದಳು. ಮತ್ತೆ ಕೇಳಿದರೇನೋ, “ಇಲ್ಲ, ಇಲ್ಲ, ಏನೂ ಆಗಿಲ್ಲ” ಎಂದಳು, ಅಳುತ್ತ, ಗಟ್ಟಿಯಾಗಿ. ಅಷ್ಟು ದೂರದಿಂದಲೂ ಅದು ಅವನಿಗೆ ಚೆನ್ನಾಗಿ ಕೇಳಿಸಿತು.